ಟಿಸಿಯ ನಾಡಿ ಹಿಡಿದದ್ದು

ನನ್ನ ಕಿವಿಯ ಬಗ್ಗೆ ನನಗೆ ಮೊದಲಿನಿಂದಲೂ ತುಸು ಜಂಬ. ವಿದ್ಯುತ್ ಕಚೇರಿಯಲ್ಲಿ ಇಂಜಿನಿಯರಾಗಿ ಇಷ್ಟು ವರ್ಷ ಸವೆಸಿದವನಿಗೆ ಟ್ರಾನ್ಸ್‌ಫಾರ್ಮರು, ಅಂದರೆ ನಮ್ಮ ಬಾಯಲ್ಲಿ ಟಿಸಿ, ಗುಂಯ್ ಎನ್ನುವ ಸದ್ದಿನಲ್ಲೇ ತನ್ನ ಹೊಟ್ಟೆಯ ಸಂಕಟ ಹೇಳಿಬಿಡುತ್ತದೆ. ಒಣ ಬಿದಿರುಕೋಲಿನ ಒಂದು ತುದಿಯನ್ನು ಅದರ ಮೈಗೆ, ಇನ್ನೊಂದನ್ನು ಕಿವಿಗೆ ಆನಿಸಿ ನಾನು ಕಣ್ಣು ಮುಚ್ಚಿದರೆ ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರು. ಮನೆಯಲ್ಲಿ ಹೆಂಡತಿ ಮೂರು ಸಲ ಕೂಗಿದರೂ ನನಗೆ ಕೇಳಿಸುವುದಿಲ್ಲ ಎಂಬ ದೂರಿದೆ. ಅದು ಬೇರೆ ವಿಭಾಗ.

ಬನಹಟ್ಟಿಯ ಒಂದು ನೇಕಾರ ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಿಂದೆ ಸರಿಯುವಾಗ ಟಿಸಿಯ ಕಟ್ಟೆಗೆ ಗುದ್ದಿತು. ಅಂದಿನಿಂದ ಅದು ಗುಂಯ್ ಬಿಟ್ಟು ಗರ್ರ್ ಎನ್ನತೊಡಗಿತು. ಆದರೆ ದೂರು ಬರುತ್ತಿದ್ದದ್ದು ವಾರದ ರಜೆಯ ದಿನ ಮಾತ್ರ. ಉಳಿದ ಆರು ದಿನ ವಿದ್ಯುತ್ ಮಗ್ಗಗಳ ಗದ್ದಲದಲ್ಲಿ ಸಿಡಿಲು ಬಡಿದರೂ ಅಲ್ಲಿ ಯಾರಿಗೂ ಕೇಳದು. ಟಿಸಿಯ ಎದುರಿಗೇ ನೀಲವ್ವನ ಮನೆ. ಅವಳ ನಾಲ್ಕು ಮಗ್ಗಗಳ ಮೇಲೆ ನೇಯುತ್ತಿದ್ದದ್ದು ನನ್ನ ಮಗಳ ಮದುವೆಯಲ್ಲಿ ಬೀಗರಿಗೆ ಉಡುಗೊರೆ ಕೊಡುವ ಆಯೇರಿ ಸೀರೆಗಳನ್ನೇ. ಮುಧೋಳದ ಬೀಗರ ಕಡೆಯ ಹೆಂಗಸರ ತಲೆ ಎಣಿಸಿ ನನ್ನ ಹೆಂಡತಿ ಇಪ್ಪತ್ತನಾಲ್ಕು ಹೇಳಿದ್ದಳು. ಮದುವೆಗೆ ಹತ್ತೇ ದಿನವಿತ್ತು.

ಕೋಲು ಇಟ್ಟೆ. "ಒಳಗೆ ತಂತಿಯ ಸುರುಳಿ ಜಾರಿದೆ, ಇಳಿಸಬೇಕು" ಎಂದೆ. ಮೇಲಿನ ಕಚೇರಿಯಿಂದ ಬಂದಿದ್ದ ಹೊಸ ಪರೀಕ್ಷಾ ಯಂತ್ರವನ್ನೂ ಜೋಡಿಸಿದೆ. ಅದು ಬರೆದ ಗೆರೆಗೂ, ಟಿಸಿ ಹೊಸದಾಗಿದ್ದಾಗ ಬರೆದು ಕಡತದಲ್ಲಿಟ್ಟಿದ್ದ ಹಳೆಯ ಗೆರೆಗೂ ಹೊಂದಿಕೆಯೇ ಇಲ್ಲ. ನನ್ನ ಕಿವಿಗೆ ಯಂತ್ರವೂ ಸಾಕ್ಷಿ ನುಡಿಯಿತಲ್ಲ ಎಂದು ಹಿಗ್ಗಿದೆ.

ನೀಲವ್ವ ಸೆರಗು ಸಿಕ್ಕಿಸಿ ಬಂದಳು. "ಸಾಹೇಬ್ರ, ಮಗ್ಗದ ಸಪ್ಪಳ ಕೆಟ್ರ ನಾವೇನ್ ಮೊದಲ ಹಾಸಿನ ನೂಲ ಕತ್ತರಸ್ತೀವೇನ್ರಿ? ಎಲ್ಲಿ ನಟ್ ಸಡ್ಲ ಆಗೇತಿ ನೋಡ್ತೀವಿ. ಇದನ್ನ ಇಳಿಸಿದ್ರ ವಾರಗಟ್ಲೆ ಮಗ್ಗ ನಿಲ್ತಾವು. ಸೀರಿ ನಿಮ್ಮನಿವ, ನೆನಪಿರ್ಲಿ."

ಆ ಕೊನೆಯ ಮಾತೇ ಕೆಲಸ ಕೆಡಿಸಿತು. ಇಡೀ ಓಣಿ ಕೇಳುತ್ತಿತ್ತು. ಮಗಳ ಸೀರೆಗಾಗಿ ಸಾಹೇಬ ಕೆಟ್ಟ ಟಿಸಿಯನ್ನು ಮುಚ್ಚಿಹಾಕಿದ ಎಂದು ಆಡಿಕೊಂಡರೆ? ನನ್ನ ಪ್ರಾಮಾಣಿಕತೆ ಉಕ್ಕಿ ಹರಿಯಿತು. "ಇಳಿಸ್ರಿ!" ಎಂದು ಗುಡುಗಿದೆ.

ಬದಲಿ ಟಿಸಿ ಬಂದು ಕೂರಲು ಏಳು ದಿನ ಹಿಡಿಯಿತು. ಸ್ವಿಚ್ ಹಾಕಿದೆವು. ಗರ್ರ್!

ನಮ್ಮ ಲೈನ್‌ಮನ್ ಬಸಪ್ಪ ನನ್ನ ಬಿದಿರುಕೋಲನ್ನು ಇಸಿದುಕೊಂಡು, ಟಿಸಿ ಕೂತ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದ ತಗಡಿನ ಫಲಕವೊಂದನ್ನು ಒತ್ತಿ ಹಿಡಿದ. ಸದ್ದು ಗಪ್‌ಚಿಪ್. ಕೋಲು ತೆಗೆದ. ಗರ್ರ್. "ನಟ್ ಸಡ್ಲ ಆಗೇತ್ರಿ, ಸರ್" ಎಂದ. ಆ ಫಲಕ ನಾನೇ ಆಸೆಪಟ್ಟು ಹಾಕಿಸಿದ್ದು: "ದೂರುಗಳಿದ್ದರೆ ಇವರನ್ನು ಸಂಪರ್ಕಿಸಿ", ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು. ಮತ್ತೆ ಆ ಹಳೆಯ ಗೆರೆ? ಕಡತ ಬಿಚ್ಚಿ ನೋಡಿದರೆ ಅದು ಪಕ್ಕದ ಓಣಿಯ ಟಿಸಿಯದು. ತಪ್ಪು ಕಡತಕ್ಕೆ ಸೇರಿಸಿದವರ ಸಹಿಯೂ ನನ್ನದೇ.

ಮದುವೆಗೆ ಬಂದದ್ದು ಹನ್ನೊಂದು ಸೀರೆ. ಉಳಿದ ಹದಿಮೂರು ಹೆಂಗಸರಿಗೆ ನನ್ನ ಹೆಂಡತಿ ಬರೀ ರವಿಕೆಯ ಖಣ ಕೊಡುತ್ತಾ, ಒಬ್ಬೊಬ್ಬರಿಗೂ ವಿವರಿಸಿದಳು: "ನಮ್ಮನಿಯವ್ರ ಕಿವಿ ಭಾಳ ಚುರುಕ್ರಿ, ಅದಕ ನಿಮಗ ಖಣ ಅಷ್ಟ." ನೀಲವ್ವನನ್ನು ಕಂಡಾಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು; ಅವಳ ಏಳು ದಿನದ ದುಡಿಮೆ ನನ್ನಿಂದ ಹೋಗಿತ್ತು. "ತಪ್ಪಾತು, ನೀಲವ್ವ" ಎಂದೆ. ಅವಳು ನಕ್ಕಳು. "ಇರ್ಲಿ ಬಿಡ್ರಿ. ಉಳದ ಹದಿಮೂರು ನಿಮ್ಮ ಮೊಮ್ಮಗನ ತೊಟ್ಟಲಕ್ಕ ಕೊಡೂಣು. ಅಲ್ಲೀತನಕ ಕಿವ್ಯಾಗ ಒಂದೀಟ ಹತ್ತಿ ಇಟ್ಕೋರಿ."

ಬಸಪ್ಪ ಬಿಚ್ಚಿ ತಂದುಕೊಟ್ಟ ಆ ಫಲಕ ಈಗ ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳವಾಗಿದೆ. ಅಕ್ಷರ ಒಂದಿಷ್ಟೂ ಅಳಿಸಿಲ್ಲ. ದಿನಾ ರೊಟ್ಟಿ ಬಡಿಯುವ ಮುಂಚೆ ಹೆಂಡತಿ ಅದನ್ನು ಓದುತ್ತಾಳೆ, ಆಮೇಲೆ ಸಂಪರ್ಕಿಸುತ್ತಾಳೆ. ಈಗ ಮೊದಲ ಕೂಗಿಗೇ ಕೇಳಿಸುತ್ತದೆ.