ನೂರಕ್ಕೆ ನೂರ ಮೂವತ್ತು

ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಜೀವನದ ಮೊದಲ ಪರೀಕ್ಷೆಗೆ ಕೂತೆ. ಕೂತದ್ದಷ್ಟೇ ಅಲ್ಲ, ಫಸ್ಟ್ ಕ್ಲಾಸಿನಲ್ಲೇ ಪಾಸಾಗುತ್ತೇನೆಂದು ದೇವರ ಮುಂದೆ ಪ್ರತಿಜ್ಞೆಯನ್ನೂ ಮಾಡಿದೆ! ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟು ತಮ್ಮಂದಿರ ತೊಟ್ಟಿಲು ತೂಗಿದವಳು ನಾನು. ಪರೀಕ್ಷೆಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಕಿವಿಯಿಂದ ಕಲಿತದ್ದು: ಮೂವತ್ತೈದು ಬಂದರೆ ಪಾಸು, ಅರವತ್ತು ಬಂದರೆ ಫಸ್ಟ್ ಕ್ಲಾಸು, ತೊಂಬತ್ತು ದಾಟಿದರೆ ಅಮ್ಮ ಕಡಲೆಬೇಳೆ ಬೇಯಿಸಿ ಹಯಗ್ರೀವ ಮಾಡಬೇಕು.

ಇದೆಲ್ಲ ಶುರುವಾದದ್ದು ಸಿಂಗಪುರದ ಒಂದು ಸೇತುವೆಯಿಂದ. ವುಡ್‌ಲ್ಯಾಂಡ್ಸ್‌ನ ನಮ್ಮ ಬ್ಲಾಕಿಗೂ ಮೊಮ್ಮಗಳು ತನ್ಮಯಿಯ ಶಾಲೆಗೂ ನಡುವೆ ರಸ್ತೆ ದಾಟುವ ಮೇಲ್ಸೇತುವೆ ಇದೆ. ಮೂರನೇ ಕ್ಲಾಸಿನ ಅವಳನ್ನು ದಿನವೂ ಮನೆಗೆ ಕರೆತರುವ ಕೆಲಸ ನನ್ನದು. ದಾರಿಯುದ್ದಕ್ಕೂ ಅವಳು ಶಾಲೆಯ ಸುದ್ದಿ ಹೇಳುತ್ತಾಳೆ, ನಾನು ಕೇಳುತ್ತೇನೆ. ಇಡೀ ದಿನದಲ್ಲಿ ನನಗೆ ಹಬ್ಬ ಅಂದರೆ ಅದೇ. ಒಂದು ದಿನ ಸೇತುವೆಯ ಮೆಟ್ಟಿಲಲ್ಲಿ ಏದುಸಿರು ಬಂದು ಕೂತುಬಿಟ್ಟೆ. ಯಾರಿಗೂ ಹೇಳಬೇಡವೆಂದು ತನ್ಮಯಿಗೆ ಐಸ್‌ಕ್ರೀಮ್ ಕೊಡಿಸಿದೆ. ಅವಳು ಅದನ್ನು ಪೂರ್ತಿ ತಿಂದು, ಮನೆಗೆ ಬಂದು, ಏದುಸಿರನ್ನೂ ಹೇಳಿದಳು, ಐಸ್‌ಕ್ರೀಮನ್ನೂ ಹೇಳಿದಳು.

ಬ್ಯೂನಾ ವಿಸ್ಟಾದ ಆಫೀಸಿನಿಂದ ಬಂದ ಮಗಳು ಗಗನಾ ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟಳು.

“ನಾಳೆಯಿಂದ ಅವಳಿಗೆ ಸ್ಕೂಲ್ ಬಸ್ ಬುಕ್ ಮಾಡ್ತೀನಿ ಅಮ್ಮ. ನಿನ್ನ ಹಾರ್ಟು, ಲಂಗ್ಸು ಎಷ್ಟು ಫಿಟ್ ಆಗಿದೆ ಅಂತ ಟೆಸ್ಟ್ ಆಗ್ಲಿ. ರಿಪೋರ್ಟ್ ಚೆನ್ನಾಗಿ ಬಂದ್ರೆ ಆಮೇಲೆ ನೋಡೋಣ.”

ನನ್ನ ಹಬ್ಬವನ್ನು ಬಸ್ಸಿನವನು ಕಿತ್ತುಕೊಂಡ! ಪ್ರತಿಜ್ಞೆ ಮಾಡಿದ್ದು ಆಗಲೇ. ಜೊತೆಗಿರಲಿ ಎಂದು ಗಗನಾ ಎಪ್ಪತ್ತೆರಡರ ನಮ್ಮ ಯಜಮಾನರ ಹೆಸರನ್ನೂ ಬರೆಸಿದಳು.

ಪರೀಕ್ಷೆಗೆ ಮುಂಚೆ ಮೂರು ಗಂಟೆ ಕಾಫಿ ಕುಡಿಯಬಾರದೆಂದು ಚೀಟಿ ಬಂದಿತ್ತು. ಪರೀಕ್ಷೆಯ ದಿನ ಕಾಫಿ ಕುಡಿಯದೆ ಯಾವ ಮಗು ಪಾಸಾಗಿದೆ? ಗಗನಾ ಸ್ನಾನಕ್ಕೆ ಹೋದಾಗ ಗಟ್ಟಿ ಡಿಕಾಕ್ಷನ್ನಿನಲ್ಲಿ ಎರಡು ಲೋಟ ಏರಿಸಿದೆ. ಯಜಮಾನರು ಮುಟ್ಟಲಿಲ್ಲ. ಮೂವತ್ತೆಂಟು ವರ್ಷ ಸರ್ಕಾರಿ ನೌಕರಿ ಮಾಡಿದವರು, ಚೀಟಿ ಕಂಡರೆ ಹೆದರುತ್ತಾರೆ. ಹೊರಡುವಾಗ ಇಬ್ಬರ ಬಾಯಿಗೂ ಮೊಸರು ಸಕ್ಕರೆ ಹಾಕಿದೆ.

ಕ್ಲಿನಿಕ್ಕಿನಲ್ಲಿ ಎಷ್ಟು ತುಳಿದರೂ ಎಲ್ಲಿಗೂ ಹೋಗದ ಎರಡು ಸೈಕಲ್ಲುಗಳು ಅಕ್ಕಪಕ್ಕ ನಿಂತಿದ್ದವು. ಹುಯಿ ಮಿನ್ ಎಂಬ ಹುಡುಗಿ ನಮ್ಮಿಬ್ಬರ ಎದೆಗೂ ಬೆಲ್ಟು ಕಟ್ಟಿದಳು. ಆರು ನಿಮಿಷ ಒಂದೇ ಹದದಲ್ಲಿ ತುಳಿದರೆ ಸಾಕು, ಪೂರ್ತಿ ಶಕ್ತಿ ಹಾಕುವುದು ಬೇಡ, ಅಷ್ಟರಲ್ಲೇ ಮಿಷನ್ನು ಉಳಿದ ಲೆಕ್ಕ ಹಾಕಿಕೊಳ್ಳುತ್ತದೆ ಎಂದು ನನಗೆ ಹೇಳಿ ಗಗನಾ ಫಾರಂ ತುಂಬಲು ಹೋದಳು. ನಾನು ಸೀಟಿನ ಮೇಲೆ ಸೀರೆ ಸರಿಮಾಡಿಕೊಂಡು ಎದುರಿನ ಪರದೆ ನೋಡಿದೆ.

ಇಂಗ್ಲಿಷು ಬಾರದಿದ್ದರೇನು, ಅಂಕಿ ಬರುತ್ತದಲ್ಲ! ಪರದೆಯ ತುಂಬ ಎಂಬತ್ತೆಂಟು. ಕಾಲು ಆಡಿಸುವ ಮೊದಲೇ ಎಂಬತ್ತೆಂಟು ಮಾರ್ಕ್ಸು! ಯಜಮಾನರ ಪರದೆಯನ್ನು ಕದ್ದು ನೋಡಿದೆ. ಪಾಪ, ಎಪ್ಪತ್ತು.

ತುಳಿದೆ. ಮಾರ್ಕ್ಸು ಏರಿತು. ಎರಡು ನಿಮಿಷಕ್ಕೆ ನೂರು ದಾಟಿತು. ನೂರಕ್ಕೆ ನೂರ ಎಂಟು! ಇನ್ನೂ ಜೋರಾಗಿ ತುಳಿದೆ. ಹುಯಿ ಮಿನ್ “ಸ್ಲೋಲಿ, ಆಂಟಿ, ಸ್ಲೋಲಿ” ಅನ್ನುತ್ತಲೇ ಇದ್ದಳು. ಬೇರೆ ಮಕ್ಕಳ ಮೇಲೆ ಅವಳಿಗೆ ಮರುಕ ಇರಬೇಕು ಅಂದುಕೊಂಡೆ. ಯಜಮಾನರು ಬೆಳಗಿನ ಪೇಪರ್ ಓದುವ ಗತ್ತಿನಲ್ಲಿ ತುಳಿಯುತ್ತಾ ತೊಂಬತ್ತಾರರಲ್ಲಿ ನಿಂತಿದ್ದರು.

“ರೀ, ಒಂಚೂರು ಜೋರಾಗಿ ತುಳೀರಿ. ನೋಡೋರು ಏನಂದ್ಕೋತಾರೆ?”

“ನೀನು ನಿನ್ನ ಪೇಪರ್ ನೋಡ್ಕೊಳ್ಳೇ.”

ನಾಲ್ಕನೆಯ ನಿಮಿಷಕ್ಕೆ ನೂರ ಮೂವತ್ತು. ಮಿಷನ್ನೇ ಕೀ ಕೀ ಎಂದು ಜಯಕಾರ ಹಾಕಿತು! ಹುಯಿ ಮಿನ್ ಓಡಿ ಬಂದು ನನ್ನ ಸೈಕಲ್ಲು ನಿಲ್ಲಿಸಿ, ಕೂರಿಸಿ, ನೀರು ಕೊಟ್ಟು, ಕೈ ಹಿಡಿದು ನೋಡಿದಳು. ಜಾಣ ಮಕ್ಕಳು ಎಲ್ಲರಿಗಿಂತ ಮೊದಲು ಪೇಪರ್ ಕೊಟ್ಟು ಎದ್ದು ಬರುತ್ತಾರಂತೆ, ಹಾಗೆ! ಯಜಮಾನರನ್ನು ಮಾತ್ರ ಆರು ನಿಮಿಷವೂ ತುಳಿಸಿದಳು. ಮಂದ ಹುಡುಗರಿಗೆ ಹೆಚ್ಚು ಸಮಯ ಕೊಡುವ ಪದ್ಧತಿ ಇಲ್ಲಿಯೂ ಇದೆ ಎಂದು ತಿಳಿದು ಸಮಾಧಾನವಾಯಿತು. ಅಷ್ಟು ಮಾಡಿಯೂ ಅವರಿಗೆ ಬಂದದ್ದು ನೂರ ನಾಲ್ಕು.

ರಿಪೋರ್ಟು ಬರಲು ಎರಡು ದಿನ. ಅಲ್ಲಿಯವರೆಗೆ ತಾಳುವವರು ಯಾರು? ಮರುದಿನ ಗಗನಾ ಆಫೀಸಿಗೆ ಹೋಗುತ್ತಲೇ ಹಯಗ್ರೀವ ಮಾಡಿ ಪಕ್ಕದ ಮನೆಯ ಮಲಾಯ್ ಅಜ್ಜಿಗೂ, ಕೆಳಗೆ ಬ್ಲಾಕಿನ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಚೆಸ್ ಆಡುವ ಚೀನೀ ತಾತಂದಿರಿಗೂ ಹಂಚಿ ಬಂದೆ. ಮೈಸೂರಿನ ತಂಗಿ ಸೀತಾಳಿಗೆ ಫೋನು ಮಾಡಿದೆ.

“ಅದ್ಹೆಂಗಕ್ಕ, ನೂರಕ್ಕೆ ನೂರ ಮೂವತ್ತು?” ಎಂದಳು.

“ಸಿಂಗಪುರದಲ್ಲಿ ಹಾಗೇ ಕಣೆ” ಎಂದೆ.

ಮೂರನೆಯ ದಿನ ಸಂಜೆ ಗಗನಾ ರಿಪೋರ್ಟು ಓದಿದಳು. ನನ್ನ ಪ್ರತಿಜ್ಞೆಯನ್ನೂ ಮಾರ್ಕ್ಸನ್ನೂ ಕೇಳಿ ಮೊದಲು ನಕ್ಕಳು, ಆಮೇಲೆ ನನ್ನ ಪಕ್ಕ ಬಂದು ಕೂತಳು.

“ಅಮ್ಮ, ಅದು ಮಾರ್ಕ್ಸ್ ಅಲ್ಲ. ಒಂದು ನಿಮಿಷಕ್ಕೆ ನಿನ್ನ ಎದೆ ಎಷ್ಟು ಸಲ ಬಡ್ಕೊಳ್ತು ಅನ್ನೋ ಲೆಕ್ಕ. ಅದೇ ಕೆಲಸಕ್ಕೆ ಕಮ್ಮಿ ಬಡ್ಕೊಂಡಷ್ಟೂ ಒಳ್ಳೇದು. ನಿನ್ನ ವಯಸ್ಸಿಗೆ ನೂರ ಮೂವತ್ತು ಮುಟ್ಟಿದ್ರೆ ಅವರು ನಿಲ್ಲಿಸ್ಲೇಬೇಕು. ಪಾಸಾಗಿರೋದು ಅಪ್ಪ.”

ಯಜಮಾನರು ಮೂರು ದಿನದಿಂದ ತುಟಿ ಬಿಚ್ಚಿರಲಿಲ್ಲ.

“ಗೊತ್ತಿತ್ತೇನ್ರೀ ನಿಮಗೆ?”

“ಹೇಳಿದ್ರೆ ಹಯಗ್ರೀವ ಸಿಗ್ತಿತ್ತೇನೇ?”

ಭಯಪಡುವಂಥದ್ದೇನೂ ಇಲ್ಲ, ದಿನವೂ ಅರ್ಧ ಗಂಟೆ ನಡೆಯಬೇಕು, ಆರು ವಾರದ ನಂತರ ಮರುಪರೀಕ್ಷೆ ಎಂದು ಡಾಕ್ಟರು ಬರೆದಿದ್ದರು. ನಡೆಯುವಾಗ ಮಾತಾಡುವಷ್ಟು ಉಸಿರಿರಬೇಕು, ಹಾಡುವಷ್ಟು ಇರಬಾರದಂತೆ. ಕೊನೆಗೂ ನನ್ನ ಹಾಡು ನಿಲ್ಲಿಸುವ ಡಾಕ್ಟರು ಸಿಕ್ಕಿದರೆಂದು ಯಜಮಾನರು ನಾನು ಹೊರಡುವ ಮೊದಲೇ ನಡಿಗೆಯ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತರು.

ನಡೆದೆ. ಆರು ವಾರ, ಬ್ಲಾಕಿನ ಸುತ್ತ, ಅವರ ಹಿಂದೆ, ಆಮೇಲೆ ಅವರ ಪಕ್ಕದಲ್ಲಿ, ಕೊನೆಯ ವಾರ ಅವರ ಮುಂದೆ! ಮರುಪರೀಕ್ಷೆಗೆ ಕಾಫಿ ಮುಟ್ಟದೆ ಹೋಗಿ, ಆರು ನಿಮಿಷ ಪೂರ್ತಿ ತುಳಿದು, ನೂರ ಹನ್ನೆರಡಕ್ಕೇ ನಿಲ್ಲಿಸಿದೆ. ಗಗನಾ ಅಲ್ಲೇ ಫೋನು ತೆಗೆದು ಸ್ಕೂಲ್ ಬಸ್ ಕ್ಯಾನ್ಸಲ್ ಮಾಡಿದಳು.

ಮೊದಲ ದಿನ ತನ್ಮಯಿಯ ಕೈ ಹಿಡಿದು ಸೇತುವೆ ಹತ್ತಿದೆ. ಒಂದು ಮೆಟ್ಟಿಲಲ್ಲೂ ನಿಲ್ಲಲಿಲ್ಲ. ಅಂದು ಅವಳು ಯಾಕೋ ಸುದ್ದಿ ಹೇಳಲಿಲ್ಲ, ನಾನೇ ಹೇಳಿದೆ. ಆಗ ನೂರ ಮೂವತ್ತು ಬಂದು ಫೇಲಾದದ್ದು, ಈಗ ನೂರ ಹನ್ನೆರಡು ಬಂದು ಗೆದ್ದದ್ದು, ಪರೀಕ್ಷೆ ಅಂದರೆ ಕಮ್ಮಿ ಬಂದಷ್ಟೂ ಒಳ್ಳೆಯದು ಎಂದು ಈ ವಯಸ್ಸಿಗೆ ನಾನು ಕಲಿತದ್ದು, ಎಲ್ಲ. ಅವಳು ಎರಡು ಸಲ ಬಿಡಿಸಿ ಬಿಡಿಸಿ ಕೇಳಿದಳು. ನನ್ನಂತೆಯೇ ಕೇಳುವ ಗುಣ ಬಂದಿದೆ ಎಂದು ಹಿಗ್ಗಿದೆ!

ಸಂಜೆ ಗಗನಾ ಬಂದು ಕೂರುತ್ತಿದ್ದಂತೆ ತನ್ಮಯಿ ಬ್ಯಾಗಿನಿಂದ ಗಣಿತದ ಪೇಪರ್ ತೆಗೆದು ಅವಳ ಕೈಗಿತ್ತಳು. ನಲವತ್ತಕ್ಕೆ ಹನ್ನೊಂದು.

“ಕಮ್ಮಿ ಬಂದಷ್ಟೂ ಒಳ್ಳೇದು ಅಂತ ಅಜ್ಜಿನೇ ಹೇಳಿದ್ದು. ನಂದು ಅಜ್ಜಿಗಿಂತ ಎಷ್ಟು ಕಮ್ಮಿ ನೋಡಮ್ಮ.”

ಗಗನಾ ಕನ್ನಡಕ ತೆಗೆದು ನನ್ನ ಕಡೆ ತಿರುಗಿದಳು. ಆ ಗಳಿಗೆಯಲ್ಲಿ ಹುಯಿ ಮಿನ್ ಬಂದು ನನ್ನ ಎದೆಗೆ ಬೆಲ್ಟು ಕಟ್ಟಿದ್ದರೆ, ಸೈಕಲ್ಲೂ ಬೇಡ, ಕಾಫಿಯೂ ಬೇಡ, ಕೂತಲ್ಲೇ ನೂರ ಮೂವತ್ತು!