ಮಲ್ಲೇಶ್ವರಂ ಕರಾವಳಿಯ ತುಕ್ಕು

ಕಳೆದ ಜುಲೈ ಹನ್ನೆರಡನೆಯ ತಾರೀಖು ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಮಲ್ಲೇಶ್ವರಂನಲ್ಲಿ ಸಂಪಿಗೆ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ, ಹತ್ತೊಂಬತ್ತು ವರ್ಷ ಹಳೆಯದಾದ ‘ಹಂಸಿನಿ’ ಮಾದರಿಯ ಕಾರೊಂದರ ಎಡ ಮುಂಚಕ್ರವು ಕಾರಿನ ಜೊತೆಗಿನ ಸಂಬಂಧವನ್ನು ಕಡಿದುಕೊಂಡಿತು.

ಕಾರು ನಂಜುಂಡಯ್ಯನವರದು. ಪೇಟೆಯಲ್ಲಿ ನಲವತ್ತು ವರ್ಷ ತಕ್ಕಡಿ, ತೂಕದ ಕಲ್ಲುಗಳನ್ನು ಮಾರಿ, ಈಗ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿರುವವರು. ಮಾತಿನಲ್ಲಿಯೂ ಒಂದು ಗ್ರಾಂ ಹೆಚ್ಚುಕಮ್ಮಿ ಮಾಡಿದವರಲ್ಲ. ಪಕ್ಕದ ಸೀಟಿನಲ್ಲಿದ್ದವರು ಅವರ ಪತ್ನಿ ಸರ್ವಮಂಗಳಾ. ಅವರು ಪ್ರತಿ ಶನಿವಾರ ಚಾಮರಾಜಪೇಟೆಯಲ್ಲಿ ಹನ್ನೊಂದು ಮಂದಿ ಹೆಂಗಸರಿಗೆ ವಚನ ಹಾಡುವುದನ್ನು ಕಲಿಸುತ್ತಾರೆ. ಎರಡು ಮಂಡಿಗಳೂ ಸವೆದಿರುವುದರಿಂದ ಆಟೊ ಹತ್ತಲಾರರು, ಬಸ್ಸು ದೂರದ ಮಾತು. ವಾರದಲ್ಲಿ ಅವರದೇ ಅನ್ನುವ ಹೊತ್ತು ಆ ಎರಡು ಗಂಟೆ ಮಾತ್ರ.

ಕಾರು ನಡೆಯುವವರ ವೇಗದಲ್ಲಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಅದು ಮೂತಿಯನ್ನು ರಸ್ತೆಗೆ ಊರಿ, ಎಡಕ್ಕೆ ಜಾರಿ, ಮೂಲೆಯಲ್ಲಿ ಉಪ್ಪುಖಾರ ಹಚ್ಚಿದ ಸೌತೆಕಾಯಿ ಮಾರುವ ಮುನಿಲಕ್ಷ್ಮಮ್ಮನ ಬುಟ್ಟಿಗೆ ಒಂದು ಗೇಣು ದೂರದಲ್ಲಿ ನಿಂತಿತು.

“ಏನ್ ಸ್ವಾಮಿ, ಸೌತೆಕಾಯಿ ಹೆಚ್ಚೋಕೆ ಕಾರೇ ತಂದ್ಬಿಟ್ರಾ?” ಎಂದು ಮುನಿಲಕ್ಷ್ಮಮ್ಮ ಕೇಳಿದರು. ಕೇಳಿದ ಮೇಲೆ ಅಲ್ಲೇ ಕೂತುಬಿಟ್ಟರು. ಸರ್ವಮಂಗಳಾ ಕಿಟಕಿಯಿಂದಲೇ ನೀರಿನ ಬಾಟಲಿ ಕೊಟ್ಟರು.

ಮೆಕ್ಯಾನಿಕ್ ಮಾಯಣ್ಣ ಬಂದು ಕಾರಿನಡಿ ತೂರಿ, ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ನಿನ ಕಬ್ಬಿಣದ ತೋಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದ. ಅದು ಪುಡಿಪುಡಿಯಾಗಿ ಅವನ ಎದೆಯ ಮೇಲೆ ಉದುರಿತು.

“ಸಾರ್, ಇದು ಕಬ್ಬಿಣ ಅಲ್ಲ, ಕಡ್ಲೆಹಿಟ್ಟು. ಇಷ್ಟು ದಿನ ಬರೀ ಪೇಂಟ್ ಮೇಲೆ ನಿಂತಿತ್ತು. ಹೈವೇಲಿ ಆಗಿದ್ದಿದ್ರೆ ನೀವಿಬ್ರೂ ಫೋಟೋ.”

ಕಾರಣ ಸರಳವಾಗಿತ್ತು. ಅದೇ ಅಡ್ಡರಸ್ತೆಯಲ್ಲಿರುವ ನಂಜುಂಡಯ್ಯನವರ ಮನೆಯೆದುರಿನ ಚರಂಡಿ ಎಂಟು ವರ್ಷದಿಂದ ರಸ್ತೆಯ ಮೇಲೆ ಹರಿಯುತ್ತದೆ. ಕಾರು ನಿಲ್ಲುತ್ತಿದ್ದದ್ದು ಆ ನೀರಿನಲ್ಲೇ. ಮುರಿದ ಮೇಲೆ ನಾಲ್ಕು ಜನ ಎತ್ತಿ ತಂದು ನಿಲ್ಲಿಸಿದ್ದೂ ಅಲ್ಲೇ.

ಹಂಸಿನಿ ತಯಾರಿಸುತ್ತಿದ್ದ ಕಂಪನಿ ಹತ್ತು ವರ್ಷದ ಹಿಂದೆಯೇ ಬಾಗಿಲು ಹಾಕಿತ್ತು. ಉಳಿದ ಬಿಡಿಭಾಗಗಳೆಲ್ಲ ಹಳೆ ವಾಹನ ತುಕ್ಕು ಪರಿಶೀಲನಾ ಮಂಡಳಿಯ ಗೋದಾಮಿನಲ್ಲಿದ್ದವು. ಮಂಡಳಿಯು ಆಗಲೇ ಪತ್ರಿಕೆಗಳಲ್ಲಿ ಹೀಗೊಂದು ಪ್ರಕಟಣೆ ಕೊಟ್ಟಿತ್ತು:

“ಹಂಸಿನಿ ಮಾದರಿಯ ಹಳೆಯ ಕಾರುಗಳಲ್ಲಿ ಮುಂಭಾಗದ ಸಸ್ಪೆನ್ಷನ್ ತುಕ್ಕಿನಿಂದ ಮುರಿಯುವ ಸಂಭವವಿರುತ್ತದೆ. ಮಾಲೀಕರು ಗಾಬರಿಯಾಗತಕ್ಕದ್ದಲ್ಲ. ಮುರಿಯುವವರೆಗೆ ಕಾರು ಸುರಕ್ಷಿತವಾಗಿರುತ್ತದೆ. ಮುರಿದ ನಂತರ ಜೀವಂತವಿರುವ ಮಾಲೀಕರು ಖುದ್ದಾಗಿ ಹಾಜರಾಗಿ ಹೊಸ ಭಾಗವನ್ನು ಉಚಿತವಾಗಿ ಪಡೆಯತಕ್ಕದ್ದು.”

ನಂಜುಂಡಯ್ಯ ಜೀವಂತವಿದ್ದರು. ಸೋಮವಾರ ಉಪ್ಪಾರಪೇಟೆಗೆ ಹೋದರು. ಮಂಡಳಿ ಇದ್ದದ್ದು ಹಿಂದೆ ಲಾಡ್ಜಾಗಿದ್ದ ಕಟ್ಟಡದ ಮೂರನೇ ಮಹಡಿಯಲ್ಲಿ. ಸಹಾಯಕ ತುಕ್ಕು ಅಧಿಕಾರಿ ಮನೋಹರ್ ಅವರು ರೂಮ್ ನಂಬರ್ ಮುನ್ನೂರ ಏಳರಲ್ಲಿ ಕೂರುತ್ತಿದ್ದರು. ಕಡತಗಳನ್ನು ಬಾತ್‌ರೂಮಿನಲ್ಲಿ ಇಟ್ಟಿದ್ದರು. ನಂಜುಂಡಯ್ಯ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟರು.

“ಏನ್ ಸಾರ್ ಇದು?”

“ತುಕ್ಕು. ಆರುನೂರ ನಲವತ್ತು ಗ್ರಾಂ ಇದೆ.”

“ಎಲ್ಲಿಂದ ತಂದ್ರಿ?”

“ಮಲ್ಲೇಶ್ವರಂ.”

ಮನೋಹರ್ ಚೀಲವನ್ನು ಗೌರವದಿಂದ ಹಿಂದಕ್ಕೆ ಸರಿಸಿದರು. “ಹಾಗಾದ್ರೆ ಇದು ತುಕ್ಕಲ್ಲ ಸಾರ್.”

ಅವರು ನಿಯಮ ಏಳನ್ನು ಓದಿದರು. ‘ತುಕ್ಕು ಎಂದರೆ ಸಮುದ್ರತೀರದ ಪ್ರದೇಶದಲ್ಲಿ ಕಬ್ಬಿಣಕ್ಕೆ ಉಂಟಾಗುವ ಹಾನಿ. ಇತರೆಡೆ ಉಂಟಾಗುವುದನ್ನು ವರ್ಣವ್ಯತ್ಯಾಸ ಎಂದು ಪರಿಗಣಿಸತಕ್ಕದ್ದು.’

“ವರ್ಣವ್ಯತ್ಯಾಸಕ್ಕೆ ಚಕ್ರ ಕಳಚ್ಕೊಳ್ಳುತ್ತಾ?”

“ಕಳಚ್ಕೋಬಾರ್ದು. ನಿಯಮಬಾಹಿರ ಅದು. ನಿಮಗೆ ನೋಟಿಸ್ ಕೊಡಬಹುದು. ಹಿರಿಯರು ಅಂತ ಕೊಡ್ತಿಲ್ಲ.”

“ಮನೆ ಮುಂದೆ ಎಂಟು ವರ್ಷದಿಂದ ನೀರು ನಿಂತಿದೆ ಸ್ವಾಮಿ.”

“ನೀರು ಎಲ್ಲಾ ಕಡೆ ನಿಂತಿರುತ್ತೆ. ಅಲೆ ಬರುತ್ತಾ?”

ನಂಜುಂಡಯ್ಯ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ನೀರಿನ ಟ್ಯಾಂಕರ್ ಹೋದಾಗ ಬರುತ್ತೆ. ಮೂರು ಮೆಟ್ಟಿಲವರೆಗೆ.”

ಮನೋಹರ್ ಪೆನ್ನು ಕೆಳಗಿಟ್ಟರು. ಕರಾವಳಿಯಲ್ಲಿ ಕೆಲಸ ಮಾಡುವ ಅಧಿಕಾರಿಗಳಿಗೆ ಸಂಬಳದ ಮೇಲೆ ಕರಾವಳಿ ಭತ್ಯೆ, ಒಂದು ಜೀಪು ಮತ್ತು ವರ್ಷಕ್ಕೆರಡು ಛತ್ರಿ ಕೊಡಬೇಕೆಂದು ಮಂಡಳಿಯ ನಿಯಮವಿತ್ತು. ಆದರೆ ಮಕ್ಕಳ ಸ್ಕೂಲು ಬೆಂಗಳೂರಿನಲ್ಲಿದ್ದುದರಿಂದ ಯಾವ ಅಧಿಕಾರಿಯೂ ಕರಾವಳಿಗೆ ಹೋಗಲು ಒಪ್ಪಿರಲಿಲ್ಲ. ಕರಾವಳಿಯೇ ಬರುವುದಾದರೆ ಅಂಥ ತೊಂದರೆ ಇರಲಿಲ್ಲ.

“ಸಾರ್,” ಎಂದರು ಮನೋಹರ್, “ಒಂದು ಅರ್ಜಿ ಕೊಡಿ. ಸರ್ವೆ ಮಾಡಿಸ್ತೀನಿ.”

ಸರ್ವೇಯರ್ ಪೂಜಿತಾ ಆಗಸ್ಟ್ ಎರಡನೇ ವಾರ ಬಂದರು. ಓದಿದ ಹುಡುಗಿ, ಕೆಲಸದಲ್ಲಿ ಶ್ರದ್ಧೆ. ಮೂರು ದಿನ ನಂಜುಂಡಯ್ಯನವರ ಕಾಂಪೌಂಡಿನ ಮೇಲೆ ಕೂತು ನೀರನ್ನು ಅಳೆದರು. ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಸ್ನಾನವಾಗುವ ಹೊತ್ತಿಗೆ ನೀರು ಏರುತ್ತಿತ್ತು. ಮಧ್ಯಾಹ್ನ ಇಳಿಯುತ್ತಿತ್ತು. ಸಂಜೆ ಪಾತ್ರೆ ತೊಳೆಯುವಾಗ ಮತ್ತೆ ಏರುತ್ತಿತ್ತು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಎಂದು ದಾಖಲಿಸಿದರು. ಒಂದು ಬಿಳಿ ಕೊಕ್ಕರೆಯನ್ನು ‘ಸಮುದ್ರಪಕ್ಷಿ, ಒಂದು’ ಎಂದು ಬರೆದುಕೊಂಡರು. ಕೊನೆಗೆ ನೀರಿನಲ್ಲಿ ಉಪ್ಪು ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿ, “ಉಪ್ಪಿದೆ” ಎಂದರು.

“ಅದು ನಂದು ಕಣವ್ವ,” ಎಂದರು ಮುನಿಲಕ್ಷ್ಮಮ್ಮ. “ಈಗ್ ತಾನೆ ತಟ್ಟೆ ತೊಳ್ದೆ.”

“ಉಪ್ಪು ಯಾರದು ಅನ್ನೋ ಕಾಲಂ ಫಾರಂನಲ್ಲಿ ಇಲ್ಲಮ್ಮ.”

ಇನ್ನು ಬೇಕಾಗಿದ್ದದ್ದು ಅರ್ಜಿದಾರರ ಪ್ರಮಾಣಪತ್ರ. ‘ನನ್ನ ಮನೆಯೆದುರು ಸಮುದ್ರವಿರುತ್ತದೆ, ಅದನ್ನು ನಾನು ಪ್ರತಿದಿನ ಕಣ್ಣಾರೆ ನೋಡಿರುತ್ತೇನೆ’ ಎಂಬ ಒಂದು ಸಾಲು. ಇದಕ್ಕೆ ನಂಜುಂಡಯ್ಯ ಹೆದರಿದರು. ನಲವತ್ತು ವರ್ಷದಲ್ಲಿ ಒಂದು ಸುಳ್ಳು ಕಲ್ಲನ್ನು ಅಂಗಡಿಗೆ ಸೇರಿಸಿದವರಲ್ಲ. ಕಾಗದವನ್ನು ಎದುರಿಗಿಟ್ಟುಕೊಂಡು ಎರಡು ದಿನ ಕೂತರು.

“ಹೇಗೆ ಹಾಕ್ಲೇ ಸಹಿ? ಚರಂಡಿ ಕಣೆ ಅದು.”

ಸರ್ವಮಂಗಳಾ ಪೆನ್ನಿನ ಮುಚ್ಚಳ ತೆಗೆದು ಅವರ ಮುಂದಿಟ್ಟರು. ಆಮೇಲೆ, “ಏಳು ಶನಿವಾರ ಆಯ್ತು,” ಎಂದರು. “ಆ ಹೆಂಗಸರು ಫೋನಲ್ಲಿ ಹಾಡ್ತಾರೆ, ನಾನು ಫೋನಲ್ಲಿ ತಿದ್ತೀನಿ. ಯಾರ ಶ್ರುತಿ ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ಕಿವುಡಿ ಹಾಗೆ ಆಗಿದೀನಿ.”

ನಂಜುಂಡಯ್ಯ ಸಹಿ ಹಾಕಿದರು. ಹಾಕಿ, ಕೈ ತೊಳೆದುಕೊಂಡು ಬಂದರು.

ಸೆಪ್ಟೆಂಬರ್ ಒಂದರಂದು ಆ ಅಡ್ಡರಸ್ತೆಯನ್ನು ‘ಮಲ್ಲೇಶ್ವರಂ ಕರಾವಳಿ’ ಎಂದು ಘೋಷಿಸಲಾಯಿತು. ಮನೋಹರ್ ಅವರಿಗೆ ಭತ್ಯೆ, ಜೀಪು, ಛತ್ರಿ ಮಂಜೂರಾದವು. ಮೂಲೆಯ ಹಳೆ ಮನೆಯನ್ನು ಕೆಡವಿಸಿದ್ದ ಬಿಲ್ಡರ್ ಸ್ವರೂಪ್ ‘ಸಮುದ್ರಾಭಿಮುಖ ಫ್ಲ್ಯಾಟುಗಳು’ ಎಂದು ಬೋರ್ಡು ಬದಲಿಸಿದ. ಒಂದೇ ವಾರದಲ್ಲಿ ಮೇಲಿನ ಎರಡು ಮಹಡಿ ಮಾರಾಟವಾದವು. ಪ್ರತಿ ಸಮುದ್ರತೀರಕ್ಕೂ ಒಬ್ಬ ಜೀವರಕ್ಷಕರು ಇರಬೇಕೆಂಬ ನಿಯಮದಂತೆ, ಅಲ್ಲೇ ಇರುವವರೆಂದು ಮುನಿಲಕ್ಷ್ಮಮ್ಮನವರನ್ನು ನೇಮಿಸಿ ಕಿತ್ತಳೆ ಬಣ್ಣದ ಜಾಕೆಟ್ಟು, ಸೀಟಿ ಕೊಡಲಾಯಿತು.

“ಈಜು ಬರಲ್ಲ ಸ್ವಾಮಿ ನಂಗೆ.”

“ನೀರು ಮುಂಗಾಲು ಮಟ್ಟ ಇದೆ,” ಎಂದು ಮನೋಹರ್ ಧೈರ್ಯ ಹೇಳಿದರು. “ನಡ್ಕೊಂಡು ಹೋಗಿ ಕಾಪಾಡಿ.”

ಇದೇ ವೇಳೆ ಚರಂಡಿ ಸರಿಪಡಿಸಲು ಎಂಟು ವರ್ಷದ ನಂತರ ಹಾರೆ ಗುದ್ದಲಿ ಸಮೇತ ಬಂದಿದ್ದ ಕೆಲಸಗಾರರನ್ನು, ಸಮುದ್ರವನ್ನು ಮುಚ್ಚುವುದು ಅಪರಾಧವಾದ್ದರಿಂದ, ಮುನಿಲಕ್ಷ್ಮಮ್ಮನವರೇ ಸೀಟಿ ಊದಿ ವಾಪಸು ಕಳಿಸಬೇಕಾಯಿತು. ಅವರಿಗೂ ಬೇಸರವಾಯಿತು. ಆ ಕೆಲಸಗಾರರು ದಾರಿ ಖರ್ಚಿಗೆಂದು ಎರಡೆರಡು ಸೌತೆಕಾಯಿ ತಿಂದು ಹೋದರು.

ನಂಜುಂಡಯ್ಯ ಮತ್ತೆ ಮುನ್ನೂರ ಏಳಕ್ಕೆ ಹೋದರು. ಮೇಜಿನ ಮೇಲೆ ಹೊಸ ತೋಳು ಎಣ್ಣೆ ಕಾಗದದಲ್ಲಿ ಸುತ್ತಿ ಸಿದ್ಧವಾಗಿತ್ತು. ಅವರು ಕೈ ಚಾಚಿದರು. ಮನೋಹರ್ ಅದರ ಮೇಲೆ ತಮ್ಮ ಕೈ ಇಟ್ಟರು.

“ಸಣ್ಣದೊಂದು ಪಾಯಿಂಟ್ ಸಾರ್. ಕಾರು ಈಗ ಎಲ್ಲಿದೆ?”

“ಅಲ್ಲೇ. ನೀರಲ್ಲಿ.”

“ಸಮುದ್ರದಲ್ಲಿ ಅನ್ನಿ. ಸಮುದ್ರದಲ್ಲಿರೋದನ್ನ ಕಾರು ಅನ್ನೋಕಾಗಲ್ಲ. ದೋಣಿ ಅಂತ ನೋಂದಣಿ ಮಾಡ್ಬೇಕು. ಮಾಡಿದೀವಿ.”

“ದೋಣಿ ತೇಲ್ಬೇಕಲ್ಲಪ್ಪ!”

“ತೇಲದಿರೋ ದೋಣಿಗಳಿಗೆ ಬೇರೆ ಪಟ್ಟಿ ಇದೆ.”

“ನಂಗೆ ಪಟ್ಟಿ ಬೇಡ, ಆ ತೋಳು ಕೊಡಿ. ಮಾಯಣ್ಣ ಅರ್ಧ ಗಂಟೇಲಿ ಹಾಕ್ತಾನೆ. ನನ್ನ ಹೆಂಡತಿ ಕ್ಲಾಸಿಗೆ ಹೋಗ್ಬೇಕು!” ನಂಜುಂಡಯ್ಯನವರ ದನಿ ಏರಿದ್ದನ್ನು ಅವರ ಮನೆಯವರೂ ಕೇಳಿದ್ದಿಲ್ಲ.

ಮನೋಹರ್ ಎದ್ದು ಅವರಿಗೆ ನೀರು ಕೊಟ್ಟರು. ಆಮೇಲೆ ಆದೇಶವನ್ನು ಓದಿದರು: “ದೋಣಿಗೆ ಮುಂಭಾಗದ ಸಸ್ಪೆನ್ಷನ್ ಇರುವುದಿಲ್ಲವಾದ್ದರಿಂದ, ಅದು ಮುರಿಯಲು ಸಾಧ್ಯವಿರುವುದಿಲ್ಲ. ಆದ್ದರಿಂದ ದೂರನ್ನು ಅರ್ಜಿದಾರರ ಪರವಾಗಿ ಇತ್ಯರ್ಥಪಡಿಸಲಾಗಿದೆ.”

“ನನ್ನ ಪರವಾಗಿ?”

“ನಿಮ್ಮ ಪರವಾಗೇ ಸಾರ್. ಅಭಿನಂದನೆ.”

ಈ ಆದೇಶವನ್ನು ಆಧಾರವಾಗಿಟ್ಟುಕೊಂಡು, ನಗರದಲ್ಲಿ ನಿಂತ ನೀರಿನಲ್ಲಿರುವ ಇನ್ನೂ ನಲವತ್ತು ಹಂಸಿನಿಗಳನ್ನು ಅದೇ ತಿಂಗಳು ದೋಣಿಗಳೆಂದು ಘೋಷಿಸಲಾಯಿತು. ತುಕ್ಕಿನ ದೂರುಗಳು ನೂರಕ್ಕೆ ನೂರು ಬಗೆಹರಿದವು.

ನಂಜುಂಡಯ್ಯ ಒಂದು ವಾರ ಗೇಟಿನಿಂದ ಆಚೆ ಕಾಲಿಡಲಿಲ್ಲ. ಎಂಟನೆಯ ದಿನ ಪೂಜಿತಾ ಬರೆದಿಟ್ಟು ಹೋಗಿದ್ದ ಉಬ್ಬರ ಇಳಿತದ ಪಟ್ಟಿಯನ್ನು ನೋಡಿದರು. ಅದರಲ್ಲಿ ಹನ್ನೆರಡು ನಿಮಿಷದ ತಪ್ಪಿತ್ತು. ಇದನ್ನು ಅವರಿಗೆ ಸಹಿಸಲಾಗಲಿಲ್ಲ. ಸಮುದ್ರ ಸುಳ್ಳಾದರೂ ಅಳತೆ ಸರಿಯಿರಬೇಕೆಂದು ಒಂದು ಕೋಲು ನೆಟ್ಟು, ತಾವೇ ಅಳೆದು, ಸರಿಯಾದ ಪಟ್ಟಿಯನ್ನು ಗೇಟಿಗೆ ತಗುಲಿಹಾಕಿದರು. ಈಗ ಬೀದಿಯವರೆಲ್ಲ ಅದನ್ನು ನೋಡಿಯೇ ಹಾಲಿಗೆ ಹೊರಡುತ್ತಾರೆ.

ಸರ್ವಮಂಗಳಾ ಅವರ ಹನ್ನೊಂದು ಮಂದಿ ಶಿಷ್ಯೆಯರು ಒಂದು ಶನಿವಾರ ತಾವೇ ಮೆಟ್ರೊ ಹಿಡಿದು ಬಂದುಬಿಟ್ಟರು. ಮನೆಯ ಹಜಾರ ಚಿಕ್ಕದು. ಗುರುಗಳು ದೋಣಿಯ ಮುಂದಿನ ಸೀಟಿನಲ್ಲಿ ಕೂತರು, ಮೂವರು ಹಿಂದೆ, ಉಳಿದವರು ಕಾಂಪೌಂಡಿನ ಮೇಲೆ ಸಾಲಾಗಿ. ಮೂತಿ ಮುಂದಕ್ಕೆ ಬಾಗಿರುವುದರಿಂದ ಮಂಡಿಗೆ ಹಿತವಾಗಿದೆಯೆಂದು ಸರ್ವಮಂಗಳಾ ಹೇಳಿದರು. ಎರಡನೇ ಸಾಲಿನಲ್ಲೇ ಒಬ್ಬಾಕೆಯ ಶ್ರುತಿ ತಪ್ಪಿದ್ದನ್ನು ಹಿಡಿದರು. ಬಹಳ ದಿನಗಳ ಮೇಲೆ ಅವರು ನಕ್ಕಿದ್ದನ್ನು ನಂಜುಂಡಯ್ಯ ಗೇಟಿನಿಂದ ನೋಡಿದರು.

ಪಕ್ಕದ ಅಡ್ಡರಸ್ತೆಯವರು ಮಾತ್ರ ಅಸಮಾಧಾನಗೊಂಡಿದ್ದಾರೆ. ತಮ್ಮ ಚರಂಡಿಯೂ ಅಷ್ಟೇ ವರ್ಷದಿಂದ ಹರಿಯುತ್ತಿರುವಾಗ ತಮಗೆ ಮಾತ್ರ ಸಮುದ್ರ ಕೊಡದಿರುವುದು ಅನ್ಯಾಯವೆಂದು ಮನವಿ ಸಲ್ಲಿಸಿದ್ದರು. ಮಂಡಳಿಯು ಅದನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಹಂತಹಂತವಾಗಿ ಎಲ್ಲರಿಗೂ ಸಮುದ್ರ ಒದಗಿಸುವುದಾಗಿಯೂ, ಅಲ್ಲಿಯವರೆಗೆ ತಾತ್ಕಾಲಿಕವಾಗಿ ಒಂದು ನದಿಯನ್ನು ಮಂಜೂರು ಮಾಡುವುದಾಗಿಯೂ ತಿಳಿಸಿದೆ. ಅವರು ಸಭೆ ಸೇರಿ ಚರ್ಚಿಸಿ, ಸದ್ಯಕ್ಕೆ ನದಿ ಸಾಕು ಎಂದು ಒಪ್ಪಿಕೊಂಡಿದ್ದಾರೆ.