ಸಾಯುವವರು ಹಿತ್ತಲ ಬಾಗಿಲಿಗೆ ಬರಬೇಕು

ದೆವ್ವಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೆ ಮದುವೆಯಾದಾಗಿನಿಂದ ದೆವ್ವಗಳನ್ನೇ ನಂಬಿಕೊಂಡು ಸಂಸಾರ ತೂಗಿಸುತ್ತಿದ್ದೇನೆ. ವಾರಪತ್ರಿಕೆಯೊಂದಕ್ಕೆ ಭಯಾನಕ ಧಾರಾವಾಹಿ ಬರೆಯುವುದು ನನ್ನ ಕಸುಬು. ನನ್ನ ಹೆಸರು ಕೇಳಿದರೆ ಓದುಗರು ಬೆಚ್ಚಿಬೀಳುತ್ತಾರಂತೆ (ಸಂಪಾದಕರ ಮಾತು). ಮನೆಯಲ್ಲಿ ಮಾತ್ರ ನನ್ನ ಹೆಸರು ಕೇಳಿಸಿದರೆ ಬೆಚ್ಚಿಬೀಳುವವನು ನಾನೇ.

ಸಂಪಾದಕರದು ಒಂದೇ ಹಟ. ವಾರಕ್ಕೊಂದು ಹೆಣ ಬೀಳಬೇಕು, ಇಲ್ಲವಾದರೆ ಧಾರಾವಾಹಿ ಬೀಳುತ್ತದೆ. ಅದು ಬಿದ್ದರೆ ನಮ್ಮ ಒಲೆ ಆರುತ್ತದೆ. ಕತೆಯ ಬಂಗಲೆಯ ಯಜಮಾನ, ಅವನ ಅಡುಗೆಯವ, ಕಾವಲುಗಾರ, ಕೊನೆಗೆ ಕಾವಲುಗಾರನ ನಾಯಿಯನ್ನೂ ಬಿಡದೆ ಮುಗಿಸಿ, ಇನ್ನು ಕೊಲ್ಲಲು ಯಾರೂ ಇಲ್ಲವಲ್ಲ ಎಂದು ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಆಗ ಹೆಂಡತಿ ಗೊಣಗಿದಳು:

"ಒಂದು ಪರದೆ ಹೊಲಿಯೋಕೆ ಆ ಟೈಲರ್ ಎಷ್ಟು ದಿನದಿಂದ ಸತಾಯಿಸ್ತಾ ಇದಾನೆ! ಅವನನ್ನ ಯಾವ ದೆವ್ವಾನೂ ಹೊತ್ಕೊಂಡು ಹೋಗಲ್ವಲ್ಲ!"

ಮಹಾಪ್ರತಿಭೆಗೆ ಅಷ್ಟು ಕಿಡಿ ಸಾಕು. ಆ ವಾರ ನಮ್ಮ ಬೀದಿಯ ಟೈಲರನ್ನು, ಬೋಳುತಲೆ ಮತ್ತು ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ಸಮೇತ, ಅವನದೇ ಕತ್ತರಿಯಿಂದ ಕೊಲ್ಲಿಸಿಬಿಟ್ಟೆ.

ಪತ್ರಿಕೆ ಬಂದ ದಿನ ಒದೆ ತಿನ್ನುವ ಭಯದಿಂದ ನಾನು ಅವನ ಅಂಗಡಿಯ ಮುಂದೆ ಹಾಯಲೇ ಇಲ್ಲ. ಆದರೆ ಸತ್ತ ಮನುಷ್ಯ ತಾನೇ ಮನೆಗೆ ಬಂದ, ಪರದೆ ಕೊಟ್ಟ, ಕೈಮುಗಿದ, ಕೂಲಿ ಬೇಡವೆಂದ! ಕರೆದರೂ ಬಾರದ ಪ್ಲಂಬರ್ ಮರುದಿನ ಕರೆಯದೆಯೇ ಬಂದು ಸ್ನಾನದ ಮನೆಯ ನಲ್ಲಿಗಳನ್ನೆಲ್ಲ ಬಿಗಿ ಮಾಡಿದ. ಯಾವತ್ತೂ ತಲೆಯೆತ್ತಿ ನೋಡದ ಹಲ್ಲಿನ ಡಾಕ್ಟರು ರಸ್ತೆಯ ಆ ಬದಿಯಿಂದ ಹಲ್ಲು ಕಿರಿದರು. ಭಯಾನಕ ಸಾಹಿತ್ಯದಲ್ಲಿ ಪಳಗಿದ ನನಗೆ ಗೊತ್ತು: ಜನ ಕಾರಣವಿಲ್ಲದೆ ನಕ್ಕರೆ ನೆಲಮಾಳಿಗೆಯಲ್ಲಿ ಏನೋ ಇದೆ ಎಂದೇ ಅರ್ಥ.

ಅದಕ್ಕಿಂತ ಹೆಚ್ಚಿನ ಅನುಮಾನ ಹೆಂಡತಿಯ ಮೇಲೆ. ನನ್ನ ಬರಹ ಎಂದರೆ ಮೂಗು ಮುರಿಯುತ್ತಿದ್ದವಳು ಈಗ ಊಟಕ್ಕೆ ಬಡಿಸುತ್ತ, "ರೀ, ಮುಂದಿನ ವಾರ ಪ್ಲಂಬರ್ ಸತ್ರೆ ಹೇಗೆ? ಪಾಪ, ಒಳ್ಳೆಯವನು" ಎನ್ನುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ಗುಸುಗುಸು ನಡೆಯುತ್ತಿತ್ತು, ನಾನು ಹೋದರೆ ನಿಂತುಬಿಡುತ್ತಿತ್ತು. ಇವಳು ನನ್ನ ಕತೆಯ ಗುಟ್ಟನ್ನು ಬೇರೆ ಪತ್ರಿಕೆಗೆ ಮಾರುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಒಂದು ಮಧ್ಯಾಹ್ನ ಉಸಿರು ಬಿಗಿಹಿಡಿದು ಹಿತ್ತಲ ಬಾಗಿಲ ಪಕ್ಕದ ಹೊಸ ಪರದೆಯ ಹಿಂದೆ ನಿಂತೆ.

"ಮುಂದಿನ ವಾರ ನಾನೇ ತಾನೆ, ಮೇಡಂ?" ಹಲ್ಲಿನ ಡಾಕ್ಟರ ದನಿ.

"ಇಲ್ಲ ಡಾಕ್ಟ್ರೇ, ಪ್ಲಂಬರ್ ಮೊದಲು ಬಂದು ಹೇಳಿದಾನೆ. ಅವನು ಸಾಯ್ಲಿ, ಆಮೇಲೆ ನೀವು."

"ಸ್ವಲ್ಪ ಬೇಗ ಸಾಯಿಸಿ, ಪುಣ್ಯ ಬರತ್ತೆ. ಸತ್ತಾಗಿನಿಂದ ಆ ಟೈಲರ್ ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ಕತ್ತರಿ ನೋಡೋಕೆ ಬಂದೋರೆಲ್ಲ ಬಟ್ಟೆ ಕೊಟ್ಟು ಹೋಗ್ತಾರೆ. ನನ್ನ ಕುರ್ಚಿ ನೋಡಿ, ಬಣಗುಟ್ತಾ ಇದೆ."

"ಆ ಕುರ್ಚೀಲೇ ಸಾಯಿಸೋಣ ಬಿಡಿ. ಅದಕ್ಕೆ ಮುಂಚೆ ನಮ್ಮವರ ದವಡೆ ಹಲ್ಲು ಒಂಚೂರು ನೋಡಿಬಿಡಿ."

ಪರದೆ ಕಿತ್ತೆಸೆದು ಹೊರಗೆ ಹಾರಿದೆ. ಡಾಕ್ಟರು ಚಪ್ಪಲಿ ಬಿಟ್ಟು ಓಡಿದರು.

"ಏನೇ ಇದು? ನನ್ನ ಕತೇಲಿ ಯಾರು ಸಾಯ್ಬೇಕು ಅನ್ನೋದನ್ನ ತೀರ್ಮಾನ ಮಾಡೋನು ನಾನು!"

"ಹೌದಾ? ಟೈಲರನ್ನ ಹೇಳಿದ್ದು ಯಾರು? ಪ್ಲಂಬರನ್ನ? ನೀವು ಬರೀ ಕೈ ಕಣ್ರೀ, ತಲೆ ನಂದು!"

ಮೈಯೆಲ್ಲ ಉರಿದುಹೋಯಿತು. ಸಾಹಿತಿಯ ಸ್ವಾಭಿಮಾನ ಕೆರಳಿದರೆ ಏನಾಗುತ್ತದೆಂದು ತೋರಿಸುತ್ತೇನೆಂದು ಕೋಣೆಯ ಬಾಗಿಲು ಹಾಕಿಕೊಂಡೆ. ಆ ವಾರ ಪ್ಲಂಬರ್ ಸಾಯಲಿಲ್ಲ. ಒಬ್ಬ ಬಡ ಲೇಖಕನ ಬಾಯಿಬಡಕಿ ಹೆಂಡತಿ, ಗಲ್ಲದ ಮೇಲೆ ಮಚ್ಚೆ ಇರುವವಳು, ಹಿತ್ತಲ ಬಾಗಿಲಲ್ಲೇ ಸತ್ತಳು. ಬರೆಯುವಾಗ ನನಗಾದ ಆನಂದವನ್ನು ಏನೆಂದು ಹೇಳಲಿ! ಆ ಕಂತನ್ನು ನಾನೇ ಪತ್ರಿಕೆಯ ಕಚೇರಿಗೆ ಒಯ್ದು ಕೊಟ್ಟೆ.

ಪತ್ರಿಕೆ ಬಂತು. ಅವಳು ಓದಿದಳು. ಗಲ್ಲದ ಮಚ್ಚೆ ಮುಟ್ಟಿಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಸುಮ್ಮನಿದ್ದದ್ದು ಅದೇ ಮೊದಲು, ಹಾಗಾಗಿ ನಾನು ಕಾಫಿಯನ್ನು ಮೂಸಿ ನೋಡಿ ಕುಡಿದೆ. ಅಷ್ಟರಲ್ಲಿ ಗೇಟಿನ ಹತ್ತಿರ ಜನ ಸೇರಿದರು. "ಅಗೋ ಅವರೇ, ಮಚ್ಚೆ ನೋಡು!" ಎಂದು ಅವಳನ್ನೇ ಬೆರಳು ಮಾಡಿ ತೋರಿಸಿದರು. ಅವಳು ಕೈಬೀಸಿದಳು.

ಸಂಪಾದಕರ ಫೋನು ಬಂತು. "ಓದುಗರು ಹುಚ್ಚೆದ್ದು ಹೋಗಿದಾರೆ, ಸ್ವಾಮಿ! ಆಯಮ್ಮ ದೆವ್ವ ಆಗಿ ಬರಲೇಬೇಕಂತೆ. ಬಂದು ಮೊದಲು ಗಂಡನ್ನೇ ಮುಗಿಸಬೇಕಂತೆ."

"ಧಾರಾಳವಾಗಿ ಬರಲಿ. ಬರೆದುಬಿಡ್ತೀನಿ" ಎಂದೆ ನಾನು.

"ನೀವು ಹೇಗೆ ಬರೀತೀರಿ? ಕತೇಲಿ ಲೇಖಕನೇ ಸತ್ತುಹೋಗ್ತಾನಲ್ಲ! ಇನ್ನು ಮೇಲೆ ದೆವ್ವಾನೇ ತನ್ನ ಕತೆ ಹೇಳಿದ್ರೆ ಚೆನ್ನಾಗಿರತ್ತೆ. ಫೋನು ನಿಮ್ಮ ಮನೆಯವರಿಗೆ ಕೊಡಿ."

ಕೊಟ್ಟೆ. ಅವಳು ಬಹಳ ಹೊತ್ತು ಮಾತಾಡಿದಳು, ನಡುನಡುವೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಈಗ ಧಾರಾವಾಹಿ ಅವಳದು, ಸಂಭಾವನೆ ಅವಳದು, ಕಿಟಕಿಯ ಪಕ್ಕದ ನನ್ನ ಕುರ್ಚಿಯೂ ಅವಳದು. ಅಡುಗೆಮನೆ ನನ್ನದು.

ನಿನ್ನೆ ಕಾಫಿ ಒಯ್ದು ಕೊಟ್ಟಾಗ ಅವಳು ಪೆನ್ನು ಕಚ್ಚುತ್ತ ಕೇಳಿದಳು: "ರೀ, ನಿಮ್ಮನ್ನ ಹೇಗೆ ಸಾಯಿಸ್ಲಿ?"

ನಾನು ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದೆ. "ನಿದ್ದೇಲಿ... ನೋವಾಗದ ಹಾಗೆ... ಒಂದೇ ಏಟಿಗೆ ಮುಗಿಸಿಬಿಡೇ" ಎಂದೆ.

"ಅಯ್ಯೋ, ಅದಾಗಲ್ಲ ರೀ. ವರ್ಷಪೂರ್ತಿ ಎಳೀಬೇಕು ಅಂದಿದಾರೆ ಸಂಪಾದಕರು."